ಬಿಟ್ಟುಹೋದ ಸಾಲು

ಸುಗ್ಗಿಯ ಕೊನೆಯ ವಾರ. ಇಬ್ಬನಿ ಆರುವ ಮೊದಲೇ ಕಣಕ್ಕೆ ಬಂದು, ಹಿಂದಿನ ದಿನ ಹರವಿದ್ದ ತೆನೆಯನ್ನು ಕವೆಗೋಲಿನಿಂದ ತಿರುವಿ ಹಾಕಬೇಕು. ಗಾಳಿ ಎದ್ದರೆ ನಾಲ್ಕು ಮೊರ ತೂರಬೇಕು, ಏಳದಿದ್ದರೆ ಆಕಾಶ ನೋಡುತ್ತ ನಿಲ್ಲಬೇಕು. ಬಿಸಿಲು ಚುರುಕಾಗುವುದರೊಳಗೆ ಕೈಕಾಲು ತೊಳೆದು, ಮೈಮೇಲಿನ ಹೊಟ್ಟು ಕೊಡವಿ, ಪೊಲೀಸ್ ಠಾಣೆಯ ಮುಂದಿನ ಮರದಡಿಯ ಮೇಜಿಗೆ ಹೋಗಿ ಕೂರಬೇಕು. ಮೂವತ್ತು ವರ್ಷದಿಂದ ಅವನ ಸುಗ್ಗಿ ಹೀಗೆ ಎರಡು ಕಡೆ ಹಂಚಿಹೋಗಿತ್ತು. ಕಣದಲ್ಲಿ ಅರ್ಧ ರೈತ, ಮೇಜಿನ ಹಿಂದೆ ಅರ್ಧ ಗುಮಾಸ್ತ. ಎಷ್ಟು ಕೊಡವಿದರೂ ಒಂದಿಷ್ಟು ಹೊಟ್ಟು ಕಾಲರಿನ ಒಳಗೆ ಉಳಿದು ಸಂಜೆಯವರೆಗೂ ಚುಚ್ಚುತ್ತಿತ್ತು.

ಊರಿನವರು ಅವನನ್ನು ಬರವಣಿಗೆ ಮಾವ ಎನ್ನುತ್ತಿದ್ದರು. ಅರ್ಜಿ, ಕರಾರು, ತಕರಾರು ಏನಿದ್ದರೂ ಬರೆದುಕೊಡುತ್ತಿದ್ದ. ಅಕ್ಷರ ಕೊರೆದಿಟ್ಟ ಹಾಗೆ ಇದ್ದುದರಿಂದ, ಯಾರಾದರೂ ಸಾಯಬಾರದ ರೀತಿಯಲ್ಲಿ ಸತ್ತರೆ ಪೊಲೀಸರೂ ಅವನನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ಹೆಣ ಎಲ್ಲಿ ಬಿದ್ದಿದೆ, ಹೇಗೆ ಬಿದ್ದಿದೆ, ಮೈಮೇಲೆ ಏನೇನಿದೆ ಎಂದು ಬರೆಯುವುದು. ಬರೆದದ್ದನ್ನು ಊರಿನ ಇಬ್ಬರು ಪಂಚರ ಎದುರು ಜೋರಾಗಿ ಓದಿ ಹೇಳುವುದು. ಸರಿ ಇದೆ ಎಂದು ಅವರು ಒಪ್ಪಿದ ಮೇಲೆ ಸಹಿ ಹಾಕಿಸಿ, ಹಾಳೆಗಳನ್ನು ಹಸಿರು ದಾರದಿಂದ ಹೊಲಿದು ಕೊಡುವುದು. ಪಂಚನಾಮೆ ಎಂದರೆ ಅಷ್ಟೇ. ಇಲ್ಲಿಯವರೆಗೆ ನಲವತ್ತೊಂದು ಸಾವುಗಳನ್ನು ಹೀಗೆ ಬರೆದು ಹೊಲಿದಿದ್ದ.

ಅದರಲ್ಲಿ ಹತ್ತೊಂಬತ್ತನೆಯದು ಅವನ ಅಕ್ಕನದು.

ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಹಳ್ಳ ತುಂಬಿ ಹರಿಯುವಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸಿ ಶಾಲೆಗೆ ಬಿಟ್ಟುಬರುತ್ತಿದ್ದಳು. ಒಲೆಯ ಬೂದಿಯನ್ನು ಹರವಿ, ಅದರ ಮೇಲೆ ಅವನ ಬೆರಳು ಹಿಡಿದು ತಿದ್ದಿಸಿದವಳೂ ಅವಳೇ. ಊರು ಹೊಗಳುವ ಆ ದುಂಡಕ್ಷರ ನಿಜಕ್ಕೂ ಅಕ್ಕನದು. ಅಕ್ಕನಿಗೆ ಮಾತ್ರ ಕಣ್ಣು ಚಿಕ್ಕಂದಿನಿಂದಲೂ ಮಂದ. ಕನ್ನಡಕ ತೆಗೆದರೆ ತನ್ನ ಕೈ ತನಗೆ ಕಾಣದು. ಅದರ ಬಲಗಡೆಯ ಕಡ್ಡಿ ಸಡಿಲವಾಗಿ ಮೂಗಿನಿಂದ ಜಾರುತ್ತಿದೆ ಎಂದು ಒಮ್ಮೆ ಅವಳು ಗೊಣಗಿದಾಗ, ತನ್ನ ಮೇಜಿನ ಹಸಿರು ದಾರವನ್ನೇ ತಂದು ಕಡ್ಡಿಗೆ ಬಿಗಿಯಾಗಿ ಸುತ್ತಿ ಕೊಟ್ಟಿದ್ದ. "ಪಂಚನಾಮೆ ಹೊಲಿದ ಹಾಗೆ ಹೊಲಿದ್ಯಲ್ಲೋ ನನ್ನ ಕನ್ನಡಕಾನ" ಎಂದು ನಕ್ಕಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳನ್ನು ಗಂಡನ ಮನೆಯ ಹಿಂದಿನ ಬಾವಿಯಿಂದ ಎತ್ತಿದರು. ಬಲ ಮುಂಗೈಯಲ್ಲಿ ಐದು ಬೆರಳು ಒತ್ತಿದ ಕಪ್ಪು ಗುರುತು. ಬಾವಿಯಿಂದ ಎತ್ತಿದ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಅವನು ಬರೆದ. ಆಗಿದ್ದ ಇನ್ಸ್‌ಪೆಕ್ಟರ್ ಭಾವನ ಮನೆಯಲ್ಲಿ ಉಂಡು ಬಾಯಿ ಒರೆಸಿಕೊಂಡು ಬಂದವನು, ಹಾಳೆಯನ್ನು ನೋಡಿದ.

"ಏನಯ್ಯ ಇದು? ನೀರು ಸೇದೋ ಕೈಯಲ್ಲಿ ಗುರುತು ಇರಲ್ವಾ? ಕಡ್ಡಿ ಕೆಸರಲ್ಲಿ ಹೂತೋಗಿರುತ್ತೆ. ಆ ಸಾಲು ಬಿಟ್ಟು ಇನ್ನೊಂದು ಹಾಳೇಲಿ ಬರಿ. ಕಾಲು ಜಾರಿ ಅಂತ ಹಾಕು."

ಅವನು ಇನ್ನೊಂದು ಹಾಳೆ ತೆಗೆದ. ಮೇಜು ಹೋದರೆ ಮನೆ ನಡೆಯುವುದು ಹೇಗೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಅಕ್ಕ ಕಲಿಸಿದ ಅಕ್ಷರದಲ್ಲೇ ಅಕ್ಕ ಕಾಲು ಜಾರಿ ಸತ್ತಳೆಂದು ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಹಸಿರು ದಾರದಲ್ಲಿ ಹೊಲಿದ. ಮನೆಗೆ ಬಂದವನು ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮೇಜಿಗೆ ಹೋದ.

ಅಂದಿನಿಂದ ಅವನ ಕೈಗೆ ಒಂದು ಚಟ ಅಂಟಿತು. ಏನನ್ನೂ ಬಿಡದೆ ಬರೆಯುವುದು. ಮುರಿದ ಗುಂಡಿ, ಒಣಗಿದ ಎಲೆ, ಚಪ್ಪಲಿಯ ಉಂಗುಷ್ಠಕ್ಕೆ ಹಾಕಿದ ಹೊಲಿಗೆ, ಕಿವಿಯ ಹಿಂದಿನ ಮಚ್ಚೆ. "ಸತ್ತೋನ ಜೇಬಲ್ಲಿ ಶೇಂಗಾ ಸಿಪ್ಪೆ ಇದ್ರೂ ಎಣಿಸಿ ಬರೀತಾನಪ್ಪ ಈ ಮಾವ" ಎಂದು ಠಾಣೆಯ ದಫೇದಾರ ಎಲ್ಲರೆದುರು ಗೇಲಿ ಮಾಡುತ್ತಿದ್ದ. ಬರೆಯುವಾಗ ಅವನು ಯೋಚಿಸುತ್ತಲೂ ಇರಲಿಲ್ಲ. ಮನಸ್ಸು ಕಣದಲ್ಲೋ ಮನೆಯಲ್ಲೋ ಇರುತ್ತಿತ್ತು. ಕೈ ತನ್ನ ಪಾಡಿಗೆ ತಾನು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಗಾಣದ ಎತ್ತಿನ ಹಾಗೆ.

ಭಾವ ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾದ. ಅವನ ಕಣ ಇವನ ಕಣದ ಪಕ್ಕದಲ್ಲೇ, ನಡುವೆ ಮೊಳದೆತ್ತರದ ಒಂದು ಬದು. ದಿನಾ ಮುಖ ನೋಡಲೇಬೇಕು. ಅರವತ್ತು ದಾಟಿದರೂ ಗಟ್ಟಿ ಆಳು, ಮಾತೆಂದರೆ ನಗೆ. ಬಗ್ಗಿದ ಮೊಳೆ, ತುಂಡು ಹಗ್ಗ, ಹರಿದ ಚಪ್ಪಲಿಯ ಬಾರು, ಏನನ್ನೂ ಬಿಸಾಡುವ ಜಾಯಮಾನ ಅವನದಲ್ಲ.

"ಏನೋ ಭಾವಮೈದ, ಇವತ್ತು ಕಾಗದದ ಮೇಲೆ ಯಾರನ್ನ ಸಾಯಿಸ್ದೆ?" ಎಂದು ಬದುವಿನ ಆಚೆಯಿಂದ ಕೂಗುತ್ತಿದ್ದ.

"ಯಾರನ್ನೂ ಇಲ್ಲ ಭಾವ. ಬೆಳೆ ತಕರಾರು, ಅಷ್ಟೇ."

"ನನ್ನ ಸರದಿ ಬಂದಾಗ ಸ್ವಲ್ಪ ಚೆನ್ನಾಗಿ ಬರಿಯಪ್ಪ. ಹೊಟ್ಟೆ ದಪ್ಪ ಅಂತ ಬರೀಬೇಡ, ಮರ್ಯಾದೆ ಹೋಗುತ್ತೆ."

ಇವನು ನಗುತ್ತಿದ್ದ. ಹನ್ನೊಂದು ವರ್ಷ ನಕ್ಕು ನಕ್ಕು ದವಡೆ ಸೋತುಹೋಗಿತ್ತು.

ಸುಗ್ಗಿಯ ಮೊದಲ ವಾರದಲ್ಲಿ ಒಂದು ದಿನ ಭಾವನ ಎರಡನೆಯ ಹೆಂಡತಿ ಮೇಜಿನ ಮುಂದೆ ಬಂದು ನಿಂತಳು. ಮೂವತ್ತೈದರ ಹೆಂಗಸು, ಯಾರ ತಂಟೆಗೂ ಹೋಗದವಳು.

"ಅಣ್ಣ, ಒಂದು ಅರ್ಜಿ ಬರ್ಕೊಡ್ತೀರಾ? ಒಳಗಿರೋ ಮೇಡಂಗೆ."

"ಏನಂತ ಬರೀಲಮ್ಮ?"

ಅವಳು ರವಿಕೆಯ ಬಲತೋಳನ್ನು ಮೇಲೆ ಸರಿಸಿದಳು. ಮುಂಗೈಯಲ್ಲಿ ಐದು ಕಪ್ಪು ಗುರುತು, ಹೆಬ್ಬೆರಳಿನದು ಒಳಗಡೆಗೆ. ಸಾವಿರ ಕೈಬರಹ ನೋಡಿದ ಅವನಿಗೆ ಆ ಕೈಬರಹವೂ ಗೊತ್ತಿತ್ತು. ತಾರೀಖು ಬರೆದು ತಲೆ ಎತ್ತುವಷ್ಟರಲ್ಲಿ ಅವಳ ಧೈರ್ಯ ಇಳಿದುಹೋಗಿತ್ತು.

"ಬೇಡ ಬಿಡಿ ಅಣ್ಣ. ಗೊತ್ತಾದ್ರೆ ಬಾವಿ ತೋರಿಸ್ತಾರೆ. ನಾನು ಬಂದಿದ್ದೇ ಸುಳ್ಳು ಅನ್ಕೊಳ್ಳಿ. ಹರಿದು ಹಾಕಿ."

ಅವನು ಹಾಳೆಯನ್ನು ನಾಲ್ಕಾಗಿ ಹರಿದ. ಅವಳು ಹೋದ ಮೇಲೆ ಆ ಚೂರುಗಳನ್ನು ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಇನ್ನೊಂದು ಹೆಣವನ್ನು ಅದೇ ಬಾವಿಯ ಕಟ್ಟೆಯ ಮೇಲೆ ಕೂತು ಬರೆಯುವ ಶಕ್ತಿ ತನಗಿಲ್ಲ ಎನ್ನುವುದಷ್ಟೇ ಅವನಿಗೆ ಖಚಿತವಾಗಿದ್ದ ಸಂಗತಿ. ಕೋಪವೇನೂ ಬರಲಿಲ್ಲ. ದಣಿವಾಗಿತ್ತು. ಹೊತ್ತ ಮೂಟೆಯನ್ನು ಎಲ್ಲಾದರೂ ಇಳಿಸಬೇಕು, ಅಷ್ಟೇ.

ಒಳಗಿದ್ದ ಮೇಡಂಗೆ ಹೇಳಬಹುದಿತ್ತು. ಹೊಸ ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವಳು, ಓದಿಕೊಂಡವಳು. ಅವಳ ಮೇಜಿನ ಮೇಲೆ ಫೈಲುಗಳಿಗಿಂತ ಅಪರಾಧಶಾಸ್ತ್ರದ ಪುಸ್ತಕಗಳೇ ಹೆಚ್ಚು. ಮಧ್ಯಾಹ್ನ ಚಹಾ ಲೋಟ ಹಿಡಿದು ಮರದಡಿ ಬಂದು, ಬೂಟು ಕಳಚಿ ಪಾದ ತಿಕ್ಕಿಕೊಳ್ಳುತ್ತ ಅವನೊಂದಿಗೆ ಹಳೆಯ ಕೊಲೆಗಳ ಕತೆ ಹೇಳುತ್ತಿದ್ದಳು. ಅವನ ಪಂಚನಾಮೆಗಳೆಂದರೆ ಅವಳಿಗೆ ಪ್ರಾಣ. "ನಿಮ್ಮ ಬರವಣಿಗೆ ಇದ್ರೆ ಫೋಟೋನೇ ಬೇಡ ಯಜಮಾನ್ರೇ" ಎನ್ನುತ್ತಿದ್ದಳು. ಒಮ್ಮೆ, "ಹಳೇ ಕೇಸು ಅಂತ ಯಾವ್ದೂ ಇಲ್ಲ. ಒಂದು ಚೂರು ಸಾಕ್ಷಿ ಸಿಗ್ಲಿ, ನಾಳೆನೇ ತೆಗೀತೀನಿ" ಎಂದಿದ್ದಳು. ಆದರೆ ಸಾಕ್ಷಿ ಇರಲಿಲ್ಲ. ಇದ್ದದ್ದು ಒಂದು ಪಂಚನಾಮೆ, ಅದರಲ್ಲಿ ಒಂದು ಸುಳ್ಳು, ಆ ಸುಳ್ಳಿನ ಕೆಳಗೆ ಬರೆದವನ ಸಹಿ. ಆ ಸಹಿಯನ್ನು ಅವಳ ಮುಂದೆ ಇಡುವುದಕ್ಕಿಂತ ಭಾವನನ್ನು ಕೊಲ್ಲುವುದು ಅವನಿಗೆ ಸುಲಭವಾಗಿ ಕಂಡಿತು. ಮನುಷ್ಯನ ನಾಚಿಕೆ ಅಂಥದು.

ಅವಳ ಕತೆಗಳನ್ನು ಅವನು ಅಲ್ಲಿಯವರೆಗೆ ಕಾಲಕ್ಷೇಪಕ್ಕೆಂದು ಕೇಳಿದ್ದ. ಈಗ ಪಾಠದ ಹಾಗೆ ಕೇಳತೊಡಗಿದ.

ಯಾವುದೋ ದೇಶದ ಒಬ್ಬ ಔಷಧದಂಗಡಿಯವನು ಹೆಂಡತಿಗೆ ವಿಷ ಹಾಕಿದನಂತೆ. ವೈದ್ಯರಿಗೂ ಗೊತ್ತಾಗಲಿಲ್ಲ. ಆದರೆ ಅವಳು ಸಾಯುವ ಹಿಂದಿನ ದಿನವೇ ಅವನು ಹಾಲಿನವನಿಗೆ "ನಾಳೆಯಿಂದ ಅರ್ಧ ಸಾಕು" ಎಂದುಬಿಟ್ಟಿದ್ದ. ಇನ್ನೊಬ್ಬ ಗಡಿಯಾರ ರಿಪೇರಿಯವನು ಪಾಲುದಾರನನ್ನು ಕೊಂದು, ಅವನ ಕೈಗಡಿಯಾರ ನಿಂತಿದ್ದು ನೋಡಿ ಚಡಪಡಿಸಿ, ಕೀಲಿ ಕೊಟ್ಟು ಸರಿಯಾದ ಹೊತ್ತಿಗೆ ತಿರುಗಿಸಿಟ್ಟು ಹೋದನಂತೆ.

"ಇವರೆಲ್ಲ ಪೆದ್ದರಲ್ಲ ಯಜಮಾನ್ರೇ" ಎಂದಳು ಇನ್ಸ್‌ಪೆಕ್ಟರ್. "ಬುದ್ಧಿವಂತರೇ. ಕೊಲೆ ಮಾಡುವಾಗ ಎಚ್ಚರವಾಗೇ ಇರ್ತಾರೆ. ಸಿಕ್ಕಿಬೀಳೋದು ದಿನಾ ಮಾಡೋ ಕೆಲಸದಲ್ಲಿ."

ಅವನು ಅದಕ್ಕೆ ಹೂಂಗುಟ್ಟಿದ. ಆದರೆ ಅವನ ಗಮನ ಬೇರೆಡೆ ಇತ್ತು. ತಾನು ಬರೆದ ನಲವತ್ತೊಂದರಲ್ಲಿ ಐದು ಕೊಲೆಗಳಿದ್ದವು, ಐದೂ ಸಿಕ್ಕಿಬಿದ್ದಿದ್ದವು. ಅವುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡ. ಒಬ್ಬ ತನ್ನ ಮನೆಯ ಕೊಡಲಿ ತಂದಿದ್ದ. ಇಬ್ಬರು ಸತ್ತವನ ಮೈಮೇಲಿನದನ್ನು ಒಯ್ದಿದ್ದರು, ಒಬ್ಬ ಬರೀ ಒಂದು ಜೊತೆ ಹೊಸ ಚಪ್ಪಲಿ. ಉಳಿದಿಬ್ಬರು ಬಾಯಿ ಬಿಟ್ಟು ಕೆಟ್ಟರು. ಯಾರೂ ಕೇಳದಿದ್ದಾಗ, ಕೊಂದವನಿಗಷ್ಟೇ ಗೊತ್ತಿರುವುದನ್ನು ಆಡಿಬಿಟ್ಟರು. ಹಾಗಾದರೆ ಏನನ್ನೂ ತರಬಾರದು, ಏನನ್ನೂ ಒಯ್ಯಬಾರದು, ಏನನ್ನೂ ಆಡಬಾರದು. ಇನ್ನೊಂದನ್ನೂ ಸೇರಿಸಿಕೊಂಡ: ಸಾಯುವವನಿಗೆ ಕಾರಣ ತಿಳಿಯಲಿ ಎಂಬ ಆಸೆ ಇರಬಾರದು. ಬಾವಿಗೆ ಬಾವಿಯೇ ಆಗಬೇಕು ಎಂದು ಹಟ ಹಿಡಿದರೆ ಊರು ತಲೆ ಎತ್ತಿ ನೋಡುತ್ತದೆ. ಭಾವ ಸಾಯಬೇಕಾದದ್ದು ಊರಿಗೆ ಆಕಳಿಕೆ ಬರುವಂಥ ಸಾವನ್ನು.

ಅಂಥ ಸಾವು ಕಣದಲ್ಲೇ ಸಿದ್ಧವಾಗಿತ್ತು. ಸುಗ್ಗಿಯಲ್ಲಿ ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಮನೆಗೆ ಹೋಗುತ್ತಾರೆ. ಭಾವ ಬುತ್ತಿ ತರಿಸಿಕೊಂಡು ಅಲ್ಲೇ ಉಂಡು, ಕಾಳಿನ ರಾಶಿ ಕಾಯುವ ನೆಪದಲ್ಲಿ ಏಣಿ ಹತ್ತಿ ಹುಲ್ಲಿನ ಬಣವೆಯ ಮೇಲೆ ಗೋಣಿತಟ್ಟು ಹಾಸಿ ಮಲಗುತ್ತಾನೆ. ಮರದ ನೆರಳು ಬಣವೆಯ ಒಂದು ಅಂಚಿಗೆ ಮಾತ್ರ ಬೀಳುವುದರಿಂದ ಆ ಅಂಚಿನಲ್ಲೇ ಮಲಗಬೇಕು. ಅದರ ಕೆಳಗೆ, ಎತ್ತು ಬಿಚ್ಚಿದ ಮೇಲೆ, ರೋಣಗಲ್ಲು ನಿಂತಿರುತ್ತದೆ. ತೆನೆ ತುಳಿಸುವ ಆ ಉರುಳುಗಲ್ಲನ್ನು ನೆರಳಿಗೆ ನಿಲ್ಲಿಸದಿದ್ದರೆ ಅದರ ಮರದ ಚೌಕಟ್ಟು ಬಿಸಿಲಿಗೆ ಬಿರಿಯುತ್ತದೆ ಎಂದು ಭಾವನೇ ದಿನಾ ಅದನ್ನು ಅಲ್ಲಿಗೆ ಎಳೆಸುತ್ತಿದ್ದ. "ನಿಮ್ಮ ಭಾವ ಒಂದಲ್ಲ ಒಂದಿನ ಅಲ್ಲಿಂದ ಉರುಳಿ ಬೀಳ್ತಾನೆ ನೋಡ್ರಿ" ಎಂದು ಇವನ ಹೆಂಡತಿ ಎಷ್ಟು ಸುಗ್ಗಿಯಿಂದ ಹೇಳುತ್ತಿದ್ದಳೋ. ಊರಿನ ಅರ್ಧ ಜನ ಆ ಮಾತು ಆಡಿದ್ದರು. ಸಾವು ಎಂದೋ ಬರೆದಾಗಿತ್ತು, ಸಹಿ ಬೀಳುವುದಷ್ಟೇ ಬಾಕಿ.

ಇವನೂ ಮಧ್ಯಾಹ್ನ ಮೇಜಿನಿಂದ ಮನೆಗೆ ಹೋಗುವ ದಾರಿಯಲ್ಲಿ ಕಣಕ್ಕೆ ಬಂದು ತೆನೆ ತಿರುವಿ ಹೋಗುವುದು ದಿನದ ವಾಡಿಕೆ. ಹೆಜ್ಜೆಗುರುತು ಎಲ್ಲಿದ್ದರೂ ನಡೆಯುತ್ತದೆ. ಮೈಮೇಲೆ ಹುಲ್ಲಿನ ಧೂಳಿದ್ದರೆ ಯಾರೂ ಏಕೆಂದು ಕೇಳರು, ಸುಗ್ಗಿಯಲ್ಲಿ ಅದಿಲ್ಲದ ಮೈಯೇ ಇಲ್ಲ. ಮಾಡಬೇಕಾದದ್ದು ಏಣಿಯ ಆರು ಮೆಟ್ಟಿಲು ಹತ್ತಿ, ಗೋಣಿತಟ್ಟಿನ ಒಂದು ತುದಿ ಹಿಡಿದು ಎಳೆಯುವುದು. ಆಮೇಲೆ ಮನೆ, ಊಟ, ಮತ್ತೆ ಮೇಜು. ಆಳುಗಳು ಬಂದು ನೋಡಿ ಕೂಗಿಕೊಂಡು ಠಾಣೆಗೆ ಓಡಿ ಬಂದಾಗ ಅವನು ಠಾಣೆಯ ಮುಂದೆಯೇ ಕೂತಿರುತ್ತಾನೆ. ಪಂಚನಾಮೆ ಬರೆಯಲು ಇನ್ನಾರಿದ್ದಾರೆ? ಅವನೇ ಹೋಗುತ್ತಾನೆ. ಆ ಸಾವಿನ ಬಗ್ಗೆ ಸರ್ಕಾರಕ್ಕೆ ಸೇರುವ ಮೊದಲ ಮಾತೂ ಕೊನೆಯ ಮಾತೂ ಅವನ ಕೈಯಿಂದಲೇ ಇಳಿಯುತ್ತವೆ. ಇಡೀ ಯೋಜನೆಯಲ್ಲಿ ಅವನಿಗೆ ಒಂದಿಷ್ಟಾದರೂ ನೆಮ್ಮದಿ ಕೊಟ್ಟದ್ದು ಆ ಭಾಗವೊಂದೇ.

ಆ ದಿನ ಬಿಸಿಲು ಬಿಳಿಚಿಕೊಂಡಿತ್ತು. ಕಣದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಣವೆಯ ಮೇಲಿಂದ ಗೊರಕೆ ಕೇಳುತ್ತಿತ್ತು. ಅವನು ಮೊದಲು ತನ್ನ ತೆನೆಯನ್ನು ಪೂರ್ತಿ ತಿರುವಿದ. ಆಮೇಲೆ ಬದು ದಾಟಿದ. ಏಣಿ ಹತ್ತುವಾಗ ಮಂಡಿ ನೋಯಿತು. ಮೂರನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡ. ಭಾವ ಬಾಯಿ ತೆರೆದು ಮಲಗಿದ್ದ, ಗಲ್ಲದ ಮೇಲೆ ನಶ್ಯದ ಪುಡಿ. ಗೋಣಿತಟ್ಟಿನ ತುದಿ ಎಳೆದದ್ದು, ತೂಕ ಜಾರಿದ್ದು, ಕೆಳಗೆ ಒಂದು ಮಂದ ಸದ್ದಾದದ್ದು, ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು.

ಕೆಳಗಿಳಿದು ನೋಡಿದ. ಉಸಿರಿರಲಿಲ್ಲ. ಏನೋ ಅನಿಸಬೇಕು ಎಂದು ಕಾದ, ಏನೂ ಅನಿಸಲಿಲ್ಲ.

ಹೊರಡಲು ತಿರುಗಿದಾಗ ಅದು ಕಣ್ಣಿಗೆ ಬಿತ್ತು. ಬಿದ್ದ ರಭಸಕ್ಕೆ ಭಾವನ ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಿಕೊಂಡಿದ್ದವು. ಒಳಗಡೆ ಎಡಕ್ಕೆ ಒಂದು ಕಳ್ಳಜೇಬು. ಅದರ ಬಾಯಿಗೆ ಹಾಕಿದ್ದ ಪಿನ್ನು ಕಳಚಿ, ಒಳಗಿದ್ದ ವಸ್ತು ಅರ್ಧ ಹೊರಗೆ ಜಾರಿತ್ತು. ಒಂದು ಕಡ್ಡಿ. ಕನ್ನಡಕದ ಬಲಗಡೆಯ ಕಡ್ಡಿ. ಅದರ ಸುತ್ತ ಬಣ್ಣ ಮಾಸಿದ ಹಸಿರು ದಾರ, ಹದಿನಾಲ್ಕು ಸುತ್ತು, ಕೊನೆಯಲ್ಲಿ ಹಾಳೆ ಹೊಲಿಯುವವರು ಹಾಕುವ ಎರಡೆಳೆಯ ಗಂಟು.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೆಸರಿನಲ್ಲಿ ಹೂತುಹೋದದ್ದಲ್ಲ. ಅಕ್ಕನನ್ನು ಬಾವಿಯಿಂದ ಎತ್ತಿದ ಹಿಂದಿನ ಸಂಜೆ ಮನೆಯೊಳಗೆ ಮುರಿದು ಬಿದ್ದದ್ದು. ಭಾವ ಅದನ್ನು ಹನ್ನೊಂದು ವರ್ಷ ಎದೆಗಂಟಿಸಿಕೊಂಡು ಓಡಾಡಿದ್ದಾನೆ. ಒಳಗೆಲ್ಲೋ ಸುಡುತ್ತಿತ್ತೋ, ಅಥವಾ ಬಗ್ಗಿದ ಮೊಳೆಯನ್ನೂ ಬಿಸಾಡದ ಅದೇ ಜಾಯಮಾನವೋ, ಕೇಳಲು ಈಗ ಯಾರೂ ಇರಲಿಲ್ಲ. ಒಂದು ಚೂರು ಸಾಕ್ಷಿ ಸಿಗಲಿ ಎಂದಿದ್ದಳು ಇನ್ಸ್‌ಪೆಕ್ಟರ್. ಚೂರು ಸಿಕ್ಕಿತ್ತು. ಕಾಲು ಗಂಟೆ ಮುಂಚೆ ಸಿಕ್ಕಿದ್ದರೆ ಇದನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಠಾಣೆಗೆ ನಡೆಯಬಹುದಿತ್ತು.

ಒಯ್ಯಬೇಕೆಂದು ಜೀವ ಎಳೆಯಿತು. ಅದು ಅಕ್ಕನದು. ಆದರೆ ಒಂದು ಜೊತೆ ಚಪ್ಪಲಿ ಒಯ್ದವನ ಮುಖ ನೆನಪಾಯಿತು. ಏನನ್ನೂ ಒಯ್ಯಬಾರದು. ಕಡ್ಡಿಯನ್ನು ಜೇಬಿಗೆ ಇಳಿಸಿದ. ಪಿನ್ನು ಹಾಕಿದ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೆ ಹಾಕಿದ. ಮುಟ್ಟಿದ್ದನ್ನೆಲ್ಲ ಅಂಗಿಯ ಚುಂಗಿನಿಂದ ಒರೆಸಿದ. ಬದು ದಾಟಿ, ಕವೆಗೋಲನ್ನು ಅದರ ಜಾಗದಲ್ಲಿ ಒರಗಿಸಿ, ಮನೆಗೆ ಹೋದ.

"ಯಾಕ್ರೀ, ಮುಖ ಬಾಡಿದೆ?" ಎಂದಳು ಹೆಂಡತಿ, ತಟ್ಟೆ ಇಡುತ್ತ.

"ಬಿಸಿಲು."

"ನಿಮ್ಮ ಭಾವ ಇವತ್ತೂ ಬಣವೆ ಮೇಲೇನಾ?"

"ನೋಡ್ಲಿಲ್ಲ" ಎಂದ. ಎರಡು ತುತ್ತು ಹೆಚ್ಚೇ ಉಂಡ.

ಮೇಜಿಗೆ ಬಂದು ಕೂತು ಯಾರದೋ ನೀರಿನ ತಕರಾರು ಬರೆಯುತ್ತಿದ್ದಾಗ ದಫೇದಾರ ಟೋಪಿ ಕೈಯಲ್ಲಿ ಹಿಡಿದು ಬಂದ. ಆ ಬಾಯಲ್ಲಿ ಇವತ್ತು ಗೇಲಿ ಇರಲಿಲ್ಲ. "ಏಳು ಮಾವ. ಬರವಣಿಗೆ ಇದೆ. ಹೇಗೆ ಹೇಳ್ಲಪ್ಪ... ನಿನ್ನ ಭಾವ."

ಕಣದಲ್ಲಿ ಊರು ನೆರೆದಿತ್ತು. ಭಾವನ ಹೆಂಡತಿ ಬದುವಿನ ಮೇಲೆ ಕೂತಿದ್ದಳು, ತೋಳಿನ ತುದಿಗಳನ್ನು ಬೆರಳವರೆಗೆ ಎಳೆದುಕೊಂಡು. ಅಳುತ್ತಿರಲಿಲ್ಲ, ಉಸಿರಾಡುತ್ತಿದ್ದಳು. ಆಳುಗಳಲ್ಲೊಬ್ಬಳು "ನಾವು ಹೇಳ್ತಾನೇ ಇದ್ವಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಪಂಚರಾಗಿ ಕಮ್ಮಾರನೂ ಕಿವುಡಜ್ಜನೂ ಬಂದು ನಿಂತಿದ್ದರು. ಕಿವುಡಜ್ಜ ಊರಿನ ಯಾವ ಪಂಚನಾಮೆಯನ್ನೂ ತಪ್ಪಿಸಿಕೊಂಡವನಲ್ಲ. ಪೂರ್ತಿ ಕಿವಿಗೆ ಬೀಳದೆ ಸಹಿ ಹಾಕಿದವನೂ ಅಲ್ಲ.

ಇನ್ಸ್‌ಪೆಕ್ಟರ್ ಅವನ ಹತ್ತಿರ ಬಂದಳು. "ನಿಮಗೆ ಕಷ್ಟ ಆಗುತ್ತೆ ಯಜಮಾನ್ರೇ. ಬೇರೆಯವರ ಕೈಲಿ ಬರೆಸ್ಲಾ?"

"ಬೇಡ ಮೇಡಂ. ರೂಢಿ ಇದೆ."

ಅವಳು ಒಂದು ಕ್ಷಣ ನೋಡಿ ತಲೆಯಾಡಿಸಿದಳು. ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಳಿನ ಚೀಲದ ಮೇಲೆ ಕೂತ. ಬಾಯಿ ಬಿಡಬಾರದು ಎಂಬುದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಬಿಗಿದುಕೊಂಡ. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಹೌದು, ಇಲ್ಲ. ಏಣಿ ಎಷ್ಟು ಮೆಟ್ಟಿಲು ಎಂದು ಕಮ್ಮಾರ ಕೇಳಿದಾಗ, ಗೊತ್ತಿದ್ದರೂ, ದಫೇದಾರ ಎಣಿಸಿ ಹೇಳುವವರೆಗೆ ಕಾದ. ಇನ್ಸ್‌ಪೆಕ್ಟರ್ ಬಣವೆ ಹತ್ತಿ ನೋಡಿದಳು, ಇಳಿದಳು, ಗೋಣಿತಟ್ಟನ್ನು ತಿರುಗಿಸಿ ನೋಡಿದಳು. "ಬಿದ್ದಿದ್ದೇ ಇರ್ಬೇಕು" ಎಂದು ಆಕಳಿಸಿದಳು. ಅವನು ಕಾದದ್ದು ಆ ಆಕಳಿಕೆಗೆ.

ದಫೇದಾರ ಹೆಣದ ಪಕ್ಕ ಕೂತು ಒಂದೊಂದಾಗಿ ಹೇಳತೊಡಗಿದ. "ಬರ್ಕೋ ಮಾವ. ತಲೆ ಉತ್ತರಕ್ಕೆ. ಕಾಲು ದಕ್ಷಿಣಕ್ಕೆ. ತಲೆ ಹಿಂದೆ ಗಾಯ. ಅಂಗಿ ಬಿಳಿ, ಉದ್ದ ತೋಳಿಂದು. ಮೇಲುಜೇಬಲ್ಲಿ ನಶ್ಯದ ಡಬ್ಬಿ. ಪಕ್ಕದ ಜೇಬಲ್ಲಿ ಬೀಗದ ಕೈ ಎರಡು, ಕರ್ಚೀಪು ಒಂದು. ಸಾಕಾ ಮೇಡಂ?"

"ಸಾಕು. ಡಾಕ್ಟರ್ ಬರೋವರೆಗೆ ಬಟ್ಟೆ ಬಿಚ್ಚೋದು ಬೇಡ" ಎಂದಳು ಇನ್ಸ್‌ಪೆಕ್ಟರ್.

ಅವನ ಕೈ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಮನಸ್ಸು ಅಲ್ಲಿರಲಿಲ್ಲ. ಹಳ್ಳದ ನೀರಿನಲ್ಲಿತ್ತು, ಅಕ್ಕನ ಸೊಂಟದ ಮೇಲಿತ್ತು. ಬೂದಿಯ ಮೇಲೆ ಹಿಡಿದ ಬೆರಳಿನ ಬಿಸಿ ನೆನಪಾಗುತ್ತಿತ್ತು. ಇಷ್ಟು ದಿನದ ಮೇಲೆ ಮೊದಲ ಬಾರಿಗೆ ಹೆಗಲು ಹಗುರಾದಂತೆ, ನಿದ್ದೆ ಬರುವಂತೆ ಇತ್ತು. ಈ ಬರವಣಿಗೆ ಮುಗಿಸಿದರೆ ಮನೆಗೆ ಹೋಗಿ ಮಲಗಬಹುದು. ನಾಳೆ ಗಾಳಿ ಎದ್ದರೆ ಉಳಿದ ಕಾಳು ತೂರಬಹುದು. ಎರಡು ಹಾಳೆ ತುಂಬಿದವು. ಮೂಲೆಯಲ್ಲಿ ತೂತು ಹಾಕಿ ಹಸಿರು ದಾರ ಪೋಣಿಸಿಟ್ಟುಕೊಂಡು, ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಜೋರಾಗಿ ಓದಲೇ ಬರವಣಿಗೆ" ಎಂದ ಕಿವುಡಜ್ಜ, ಕಿವಿಗೆ ಕೈ ಕೊಟ್ಟು.

ಮೂವತ್ತು ವರ್ಷದ ಅದೇ ರಾಗದಲ್ಲಿ ಅವನು ಓದಿದ: ತಲೆ, ಕಾಲು, ಗಾಯ, ಗಲ್ಲದ ಮೇಲೆ ಉದುರಿದ ನಶ್ಯದ ಪುಡಿ, ನಶ್ಯದ ಡಬ್ಬಿ ಒಂದು, ಬೀಗದ ಕೈ ಎರಡು, ಕರ್ಚೀಪು ಒಂದು, "ಅಂಗಿಯ ಒಳಭಾಗದಲ್ಲಿ ಎಡಕ್ಕೆ ಕಳ್ಳಜೇಬು, ಅದರ ಬಾಯಿಗೆ ಪಿನ್ನು ಹಾಕಿದೆ, ಜೇಬಿನೊಳಗೆ ಹಸಿರು ದಾರ ಸುತ್ತಿದ ಕನ್ನಡಕದ ಬಲಗಡೆಯ ಕಡ್ಡಿ, ಒಂದು." ಕಿವುಡಜ್ಜ "ಏನು ಒಂದು?" ಎಂದ. ಅವನು ಇನ್ನೂ ಜೋರಾಗಿ ಓದಿದ, ಆಗ ತನ್ನ ದನಿ ತನಗೆ ಕೇಳಿಸಿತು. "ನಾನು ಅದನ್ನ ಹೇಳ್ಲೇ ಇಲ್ವಲ್ಲೋ ಮಾವ" ಎಂದ ದಫೇದಾರ, ತಪ್ಪು ತನ್ನದೇ ಇರಬಹುದೆಂಬಂತೆ. ಹೆಣದ ಅಂಗಿಯ ಗುಂಡಿಗಳು ಕುತ್ತಿಗೆಯವರೆಗೆ ಹಾಕಿದ ಹಾಗೆಯೇ ಇದ್ದವು. ಇನ್ಸ್‌ಪೆಕ್ಟರ್ ಕೂತು, ಮೂರು ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ, ಪಿನ್ನು ತೆಗೆದಳು. ಕಡ್ಡಿಯನ್ನು ಬೆಳಕಿಗೆ ಹಿಡಿದು ಅದರ ದಾರ ನೋಡಿದಳು, ಆಮೇಲೆ ಅವನ ಕೈಯಲ್ಲಿದ್ದ ಹಾಳೆಯ ದಾರ ನೋಡಿದಳು. "ಯಜಮಾನ್ರೇ, ಇದು ಯಾರದು?" ಎಂದು ಬಹಳ ಮೆಲ್ಲಗೆ ಕೇಳಿದಳು. ಅವನು ಮತ್ತೆ ಚೀಲದ ಮೇಲೆ ಕೂತ. "ಅಕ್ಕಂದು ಮೇಡಂ" ಎಂದ, "ಹನ್ನೊಂದು ವರ್ಷದ ಹಿಂದೆ ಬರೀಬೇಕಿತ್ತು." ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಕಿವುಡಜ್ಜನ ಕಡೆ ಚಾಚಿ, ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದ: "ಸಹಿ ಹಾಕಜ್ಜ. ಈ ಸಲ ಎಲ್ಲಾ ಸರಿಯಾಗಿದೆ."